ಒಮೂರ್ಜಾಕ್ ಅಗಾಯ್ ಬಿಟ್ಟುಕೊಟ್ಟ ಜಾಗ

ಕೋಕ್‌ಜಾರ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಆ ಚಳಿಗಾಲವೂ ಬಿಸಿನೀರಿನ ಕೊಳವೆಗಳು ಕೆಟ್ಟಿದ್ದವು. ಸಸ್ಯಶಾಸ್ತ್ರ ವಿಭಾಗದವರು ಕೋಟು ಬಿಚ್ಚದೆ ಒಂದೇ ಕೋಣೆಯಲ್ಲಿ, ಒಂದು ವಿದ್ಯುತ್ ಒಲೆಯ ಸುತ್ತ ಕೂತು ಸಭೆ ನಡೆಸುತ್ತಿದ್ದರು. ಜೂರಾಕಾನ್ ಹೊಸ ನಿಯಮವನ್ನು ಕೇಳಿದ್ದು ಅಲ್ಲಿಯೇ. ವಿಭಾಗದ ಮುಖ್ಯಸ್ಥ ಎಲ್ದಿಯಾರ್ ರಾಜಧಾನಿಯಿಂದ ಬಂದ ಆದೇಶವನ್ನು ನಿಂತುಕೊಂಡೇ ಓದಿದ. ಮುಂದಿನ ವರ್ಷದಿಂದ ಪೂರ್ಣ ಹುದ್ದೆ, ಪೂರ್ಣ ಸಂಬಳ ಬೇಕೆಂದರೆ ಹೊರದೇಶದ ಮಾನ್ಯ ಜರ್ನಲ್‌ನಲ್ಲಿ ಲೇಖನ ಬಂದಿರಬೇಕು. ಇಲ್ಲದವರಿಗೆ ಅರ್ಧ ಹುದ್ದೆ.

"ಅರ್ಧ ಸಂಬಳಾನಾ?" ಎಂದ ಕಂಚೋರೋ. ಅವನು ಬೆಳಿಗ್ಗೆ ಮಣ್ಣಿನ ಪಾಠ ಹೇಳಿ ಮಧ್ಯಾಹ್ನದ ಮೇಲೆ ಹಳ್ಳಿಗಳಿಗೆ ಬಾಡಿಗೆ ವ್ಯಾನು ಓಡಿಸುತ್ತಿದ್ದವನು. "ಈಗ ಕೊಡ್ತಿರೋದೇ ಅರ್ಧ ಅಂದ್ಕೊಂಡಿದ್ದೆ ನಾನು. ಬಿಡಿ, ಇನ್ಮೇಲೆ ವ್ಯಾನೇ ನನ್ನ ಹುದ್ದೆ, ಪಾಠಾನೇ ಬಾಡಿಗೆ."

ಎಲ್ಲರೂ ನಕ್ಕರು. ನಗುವುದು ಬಿಟ್ಟು ಬೇರೇನೂ ತೋಚುತ್ತಿರಲಿಲ್ಲ.

ಜೂರಾಕಾನ್ ಮಾತ್ರ ಮನಸ್ಸಿನಲ್ಲಿ ದೇವರನ್ನು ನೆನೆದಳು. ಅವಳ ಬಳಿ ಲೇಖನವಿತ್ತು. ಹಿಂದಿನ ವಾರವಷ್ಟೇ ಹೊರದೇಶದ ಜರ್ನಲ್‌ನಿಂದ ಒಪ್ಪಿಗೆ ಬಂದಿತ್ತು. ಗುಡ್ಡದ ಮೇಲಿನ ಬೇಸಿಗೆ ಹುಲ್ಲುಗಾವಲುಗಳನ್ನು ಅಲ್ತಿಗಾನಾ ಎಂಬ ಮುಳ್ಳುಪೊದೆ ಹೇಗೆ ನುಂಗುತ್ತಾ ಹೋಗುತ್ತಿದೆ ಎಂಬುದರ ಬಗೆಗಿನ ಲೇಖನ ಅದು. ಕುರಿಮಂದೆಗಳು ದೂರದ ಹುಲ್ಲುಗಾವಲಿಗೆ ಹೋಗುವುದನ್ನು ನಿಲ್ಲಿಸಿ ಹಳ್ಳಿಯ ಹತ್ತಿರದಲ್ಲೇ ಮೇಯತೊಡಗಿದ ಮೇಲೆ ಪೊದೆ ಎಲ್ಲಿಂದ ಎಲ್ಲಿಗೆ ಏರಿತು ಎಂದು ಬೇಸಿಗೆ ಬೇಸಿಗೆಯೂ ಅಳೆದು ಬರೆದದ್ದು. ಅಳೆಯಲು ಶುರುಮಾಡಿದ್ದು ಅವಳ ಗುರು ಒಮೂರ್ಜಾಕ್ ಅಗಾಯ್. ಅಗಾಯ್ ಎಂದರೆ ಅಲ್ಲಿ ಮೇಷ್ಟರು. ಅವರ ಕಾಲು ಸೋತ ಮೇಲೆ ಅವಳೇ ಮುಂದುವರಿಸಿದಳು. ಇಂಗ್ಲಿಷನ್ನು ನಿಘಂಟು ಹಿಡಿದು ಬರೆದಳು. ಜರ್ನಲ್‌ನವರು ಮೂರು ಸಲ ತಿದ್ದಲು ಕಳಿಸಿದರು, ಮೂರು ಸಲವೂ ತಿದ್ದಿದಳು.

ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಅವಳೊಬ್ಬಳ ಸಂಬಳದಿಂದ. ಮಗಳು ರಾಜಧಾನಿಯಲ್ಲಿ ವೈದ್ಯಕೀಯ ಓದುತ್ತಿದ್ದಳು. ಅರ್ಧ ಹುದ್ದೆಯಾದರೆ ಆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅಷ್ಟೇ ಅಲ್ಲ, ಬೇಸಿಗೆಯಲ್ಲಿ ಗುಡ್ಡಕ್ಕೆ ಹೋಗಿಬರುವ ಖರ್ಚನ್ನು ಪೂರ್ಣ ಹುದ್ದೆಯವರಿಗೆ ಮಾತ್ರ ಕೊಡುತ್ತಿದ್ದರು.

ಸಭೆ ಮುಗಿದ ಮೇಲೆ ಎಲ್ದಿಯಾರ್ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಅವನು ಅವಳದೇ ಶಿಷ್ಯ. ಮುಖ್ಯಸ್ಥನಾದ ಮೇಲೂ ಅವಳನ್ನು ಎಜೆ ಎಂದೇ, ಸ್ವಂತ ಅಕ್ಕನನ್ನು ಕರೆಯುವ ಹಾಗೆ ಕರೆಯುತ್ತಿದ್ದ.

"ಎಜೆ, ಈ ಕೋಣೇಲಿ ನೆಮ್ಮದಿಯಾಗಿರೋರು ನೀವೊಬ್ರೇ. ನಾವೆಲ್ಲ ಅಂಗಡಿಗೆ ಹೋಗ್ಬೇಕು."

"ನಿಂದು ಆಗ್ಲೇ ಬಂದಿದೆಯಂತಲ್ಲಪ್ಪ?"

"ಬಂದಿದೆ," ಎಂದು ಅವನು ತಲೆ ತಗ್ಗಿಸಿ ನಕ್ಕ. "ಸೀಗಡಿ ಸಾಕೋದರ ಮೇಲೆ. ಫೋನಲ್ಲಿ ಲೇಖನ ಮಾರೋನೊಬ್ಬ ಸಿಕ್ಕಿದ. ಮೊದಲ ಹೆಸರಿಗೆ ಒಂದು ರೇಟು, ಎರಡನೇದಕ್ಕೆ ಒಂದು ರೇಟು. ನಾನು ಮೊದಲನೇದೇ ತಗೊಂಡೆ."

"ಸೀಗಡಿ ನೋಡಿದೀಯಾ ನೀನು?"

"ಯಾವುದೋ ಹೋಟೆಲಲ್ಲಿ ಫೋಟೋ ನೋಡಿದ್ದೆ. ಸಮುದ್ರಾನೇ ನೋಡಿಲ್ಲ, ಸೀಗಡಿ ಎಲ್ಲಿಂದ ನೋಡ್ಲಿ?" ಆಮೇಲೆ ಅವನ ನಗು ನಿಂತಿತು. "ಬೈಬೇಡಿ ಎಜೆ. ಮೂರು ಮಕ್ಳು. ನೀವು ನಿಜವಾದದ್ದು ಬರೆದಿದ್ದೀರಿ, ನನಗೆ ಹೆಮ್ಮೆ. ಮೊದಲ ಹೆಸರು ನಿಮ್ದೇ ತಾನೇ?"

"ಮೊದಲ ಹೆಸರು ಅಗಾಯ್‌ದು."

ಎಲ್ದಿಯಾರ್ ಅವಳ ಮುಖವನ್ನೇ ನೋಡಿದ. ನಂತರ ಆದೇಶದ ಎರಡನೆಯ ಹಾಳೆಯನ್ನು ಅವಳ ಮುಂದೆ ಸರಿಸಿದ. ಸಭೆಯಲ್ಲಿ ಓದದೆ ಬಿಟ್ಟ ಸಾಲು ಅಲ್ಲಿತ್ತು. ಲೇಖನ ಮೊದಲ ಹೆಸರಿನವರ ಖಾತೆಗೆ ಮಾತ್ರ ಸೇರುತ್ತದೆ.

ಜೂರಾಕಾನ್ ಅದನ್ನು ಎರಡು ಸಲ ಓದಿದಳು. ಅವಳು ಬೇರೆ ರೀತಿ ಬರೆಯುವ ಯೋಚನೆಯನ್ನೇ ಮಾಡಿರಲಿಲ್ಲ. ಆ ಊರಿನಲ್ಲಿ ಮನೆಗೆ ಹಿರಿಯರು ಬಂದರೆ ಬಾಗಿಲಿಗೆ ಎದುರಾಗಿರುವ ಜಾಗದಲ್ಲಿ, ತೋರ್‌ನಲ್ಲಿ, ಕೂರಿಸುತ್ತಾರೆ. ವಯಸ್ಸು ಕಡಿಮೆಯಾದಂತೆ ಜಾಗವೂ ಬಾಗಿಲ ಕಡೆ ಇಳಿಯುತ್ತದೆ. ಹೊಸ್ತಿಲ ಹತ್ತಿರ ಕೂತವಳು ಚಹಾ ಬಗ್ಗಿಸುತ್ತಾಳೆ. ವಿಶ್ವವಿದ್ಯಾಲಯದ ಸ್ವಂತ ಪತ್ರಿಕೆಯಲ್ಲಿಯೂ ಹೆಸರುಗಳು ಅದೇ ಕ್ರಮದಲ್ಲಿ ಅಚ್ಚಾಗುತ್ತಿದ್ದವು. ಹಿರಿಯರು ಮೇಲೆ, ಬರೆದವರು ಕೆಳಗೆ. ಅದರಿಂದ ಯಾರಿಗೂ ನಷ್ಟವಾದದ್ದಿಲ್ಲ. ಗುರುವಿನ ಹೆಸರಿನ ಮೇಲೆ ತನ್ನ ಹೆಸರು ಬರೆಯುವುದೆಂದರೆ ಅವರನ್ನು ಎಬ್ಬಿಸಿ ಅವರ ಜಾಗದಲ್ಲಿ ತಾನು ಕೂತ ಹಾಗೆ.

"ಇನ್ನೂ ಅಚ್ಚಿಗೆ ಹೋಗಿಲ್ಲ ಅಲ್ವಾ?" ಎಂದ ಎಲ್ದಿಯಾರ್. "ಅಗಾಯ್ ಹತ್ರ ಒಂದು ಸಹಿ ಹಾಕಿಸ್ಕೊಂಡು ಬನ್ನಿ. ಹೆಸರು ಮೇಲೆ ಕೆಳಗೆ ಮಾಡಿ ಅಂತ ಬರೀರಿ. ಅವರಿಗೆ ಪಿಂಚಣಿ ಬರ್ತಿದೆ, ಈ ಲೆಕ್ಕ ಅವರಿಗ್ಯಾಕೆ? ಒಂದು ಮಾತು ಕೇಳೋದು, ಅಷ್ಟೇ."

"ಒಂದು ಮಾತು," ಎಂದಳು ಜೂರಾಕಾನ್.

ಆ ಒಂದು ಮಾತನ್ನು ಹೊತ್ತುಕೊಂಡು ಶನಿವಾರ ಅವಳು ಕಂಚೋರೋನ ವ್ಯಾನು ಹತ್ತಿದಳು. ಒಮೂರ್ಜಾಕ್ ಅಗಾಯ್ ನಿವೃತ್ತರಾದ ಮೇಲೆ ಕಣಿವೆಯ ಮೇಲಿನ ತಮ್ಮ ಹುಟ್ಟಿದ ಹಳ್ಳಿಗೆ ಹೋಗಿಬಿಟ್ಟಿದ್ದರು. ದಾರಿಯ ಎರಡೂ ಕಡೆ ಹಿಮದ ಮೇಲೆ ಅಲ್ತಿಗಾನಾದ ಕಡ್ಡಿಗಳು ಎದ್ದು ನಿಂತಿದ್ದವು.

"ಅಗೋ, ನಿಮ್ಮ ನೆಂಟರು," ಎಂದ ಕಂಚೋರೋ. "ಅವುಕ್ಕೆ ಯಾವ ಲೇಖನಾನೂ ಬೇಡ. ವರ್ಷಾ ವರ್ಷಾ ಬಡ್ತಿ."

ಅವಳು ಚೀಲದಲ್ಲಿದ್ದ ಸಹಿಯ ಕಾಗದವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ಕಂಚೋರೋ ಕನ್ನಡಿಯಲ್ಲಿ ಅದನ್ನು ನೋಡಿ ಗೇರು ಬದಲಿಸಿದ.

ಅಗಾಯ್ ಅವರ ಮನೆಯ ಅಂಗಳದಲ್ಲಿ ಹೊಗೆ ಏಳುತ್ತಿತ್ತು. ಅವರ ಹೆಂಡತಿ, ಎಲ್ಲರೂ ಅಮ್ಮನಂತೆ ಅಪಾ ಎನ್ನುವ ಸೊನುನ್ ಅಪಾ, ದೊಡ್ಡ ಕಡಾಯಿಯ ಕೆಳಗೆ ಬೆರಣಿ ಒಟ್ಟುತ್ತಿದ್ದರು. ಜೂರಾಕಾನಳನ್ನು ಕಂಡದ್ದೇ ತಡ ಕೈಯನ್ನು ಉಡುಪಿನ ಅಂಚಿಗೆ ಒರೆಸಿಕೊಂಡು ಬಂದು ತಬ್ಬಿಕೊಂಡರು.

"ಬಂದ್ಯಾ ಮಗಳೇ! ನೀನು ಫೋನ್ ಮಾಡಿ ಬರ್ತೀನಿ ಅಂದಿದ್ದೇ ಸಾಕಾಯ್ತು, ಮುದುಕ ಕುರಿ ಕೊಯ್ಸಿದ. ಅಕ್ಕಪಕ್ಕದೋರ್ನೆಲ್ಲ ಕರೆದಿದಾನೆ. 'ನನ್ನ ಹೆಸರು ಹೊರದೇಶದ ಪತ್ರಿಕೇಲಿ ಮೊದಲ್ನೇದಾಗಿ ಬರ್ತಿದೆ' ಅಂತ ಹೇಳಿದ್ದೇ ಹೇಳಿದ್ದು. ನಮ್ಮ ಹಸುವಿಗೆ ಮಾತ್ರ ಹೇಳಿಲ್ಲ, ಅದಕ್ಕೂ ಹೇಳಿರ್ತಾನೆ, ನಾನು ನೋಡಿಲ್ಲ."

ಜೂರಾಕಾನ್ ಹಿಂದಕ್ಕೆ ತಿರುಗಿ ನೋಡಿದಳು. ವಾಪಸು ಹೋಗಲು ಕಂಚೋರೋನ ವ್ಯಾನು ಆಗಲೇ ತಿರುವು ದಾಟಿತ್ತು.

ಒಳಗೆ ಅಗಾಯ್ ಗೋಡೆಗೆ ದಿಂಬು ಒರಗಿಸಿಕೊಂಡು ತೋರ್‌ನಲ್ಲಿ ಕೂತಿದ್ದರು. ಮಡಿಸಲಾಗದ ಕಾಲುಗಳ ಮೇಲೆ ಹಚ್ಚಡ ಹೊದೆಸಿತ್ತು. ಬಿಳಿ ಟೊಪ್ಪಿಗೆ, ಹೊಸ ಕೋಟು. ಕೋಟಿನ ಮೇಲೆ ಹಳೆಯ ಕಾಲದ ಪದಕವನ್ನೂ ಚುಚ್ಚಿಕೊಂಡಿದ್ದರು. ನೆರೆಯ ಮುದುಕರು ಸುತ್ತ ಕೂತಿದ್ದರು. ಬೆಂದ ಕುರಿಯ ತಲೆಯನ್ನು ಪದ್ಧತಿಯಂತೆ ಅವರ ಮುಂದೆ ಇಟ್ಟರು. ಅವರು ಕಿವಿಯನ್ನು ಕೊಯ್ದು, ಎಲ್ಲರಿಗಿಂತ ಕಿರಿಯರಿಗೆ ಸಲ್ಲುವ ಆ ತುಂಡನ್ನು ಜೂರಾಕಾನಳ ಕಡೆ ಚಾಚಿದರು.

"ತಗೋ. ಕೂದಲು ನೆರೆತ್ರೂ ನನಗೆ ನೀನು ಮರಿಯೇ. ನೋಡ್ರಪ್ಪಾ, ಇವಳು ಮೊದಲ ಸಲ ನನ್ ಜೊತೆ ಗುಡ್ಡ ಹತ್ತಿದಾಗ ಕುದುರೆಯಿಂದ ಮುಳ್ಳಿನ ಪೊದೆ ಮೇಲೇ ಬಿದ್ಲು. 'ಅಗಾಯ್, ಇದು ಯಾವ ಗಿಡ?' ಅಂದ್ಲು. 'ಕೂತಿದೀಯಲ್ಲ, ನೀನೇ ಹೇಳು' ಅಂದೆ."

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಊಟ ಮುಗಿಯುವವರೆಗೂ ಅವಳು ಹೊಸ್ತಿಲ ಹತ್ತಿರ ಕೂತು ಚಹಾ ಬಗ್ಗಿಸಿದಳು, ಬಟ್ಟಲುಗಳನ್ನು ದಾಟಿಸಿದಳು, ಕೈ ಖಾಲಿಯಾಗದಂತೆ ನೋಡಿಕೊಂಡಳು.

ನೆರೆಯವರು ಪ್ರಾರ್ಥನೆ ಹೇಳಿ ಎದ್ದು ಹೋದರು. ಸೊನುನ್ ಅಪಾ ಪಾತ್ರೆ ತೆಗೆದುಕೊಂಡು ಹೊರಗೆ ಹೋದರು. ಅಗಾಯ್ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. ಒಂದು ಕಣ್ಣಿಗೆ ಪೊರೆ ಬಂದಿತ್ತು.

"ಏನಿದೆ, ಹೇಳು. ಬಂದಾಗ್ಲಿಂದ ಬಾಯಿಗೆ ಬೀಗ ಹಾಕ್ಕೊಂಡಿದೀಯ."

ಅವಳು ಹೇಳಿದಳು. ಹೊಸ ನಿಯಮ, ಅರ್ಧ ಹುದ್ದೆ, ಮಗಳ ಓದು, ಮೊದಲ ಹೆಸರಿನ ಲೆಕ್ಕ. ಎಲ್ಲವನ್ನೂ ಹಚ್ಚಡದ ಹೂವಿನ ಕಸೂತಿಯನ್ನು ನೋಡುತ್ತಾ ಹೇಳಿದಳು. ಕೊನೆಗೆ, "ಅಗಾಯ್, ನನ್ನನ್ನ ಕ್ಷಮಿಸಿ," ಎಂದಳು.

ಅವರು ಹಚ್ಚಡವನ್ನು ಕಾಲ ಮೇಲೆ ಸರಿಮಾಡಿಕೊಂಡರು. ಆಮೇಲೆ ಜೋರಾಗಿ, ಅಗತ್ಯಕ್ಕಿಂತ ಜೋರಾಗಿ ಮಾತಾಡಿದರು.

"ಇಷ್ಟಕ್ಕೇನಾ! ನಾನೆಲ್ಲಿ ನಿನಗೇನೋ ಕಾಯಿಲೆ ಅಂದ್ಕೊಂಡೆ. ಎಲ್ಲಿ, ಕಾಗದ ಕೊಡು. ಮುದುಕೀ, ನನ್ನ ಕನ್ನಡಕ ತಾರೇ!"

ಕನ್ನಡಕ ಬಂತು. ಅವರು ಕಾಗದವನ್ನು ಓದದೆ, ಅವಳು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು.

"ನನ್ನ ಹೆಸರು ಇರತ್ತಾ, ಇಲ್ಲ ತೆಗೀತಾರಾ?"

"ಇರತ್ತೆ ಅಗಾಯ್. ಎರಡನೇದು."

"ಎರಡನೇದು. ಸರಿ ಬಿಡು. ಕೆಲಸ ಮಾಡಿದವಳು ನೀನು."

"ಶುರು ಮಾಡಿದ್ದು ನೀವು."

"ಶುರು ಮಾಡೋದೇನು, ಯಾರು ಬೇಕಾದ್ರೂ ಮಾಡ್ತಾರೆ," ಎಂದು ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ಅವಳ ಕಡೆ ನೋಡದೆಯೇ, ಎದೆಯ ಪದಕವನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಕುರಿಯ ತಲೆಯಿದ್ದ ತಟ್ಟೆ ಇನ್ನೂ ಅವರ ಮುಂದೆಯೇ ಇತ್ತು. "ಇದನ್ನ ತಗೊಂಡ್ಹೋಗೇ," ಎಂದು ಹೆಂಡತಿಗೆ ಹೇಳಿದರು.

ಸಂಜೆ ವ್ಯಾನಿನಲ್ಲಿ ಇಳಿದು ಬರುವಾಗ ಕಂಚೋರೋ, "ಕೊಟ್ರಾ?" ಎಂದು ಕೇಳಿದ.

"ಕೊಟ್ರು. ಕೇಳಿದ ತಕ್ಷಣ ಕೊಟ್ರು."

"ಹಾಗಾದ್ರೆ ಯಾಕೆ ಅಳ್ತಿದೀರಿ?"

"ಅಳ್ತಿಲ್ಲ. ನಿನ್ನ ಗಾಡಿ ಹೊಗೆ."

ಅವಳು ಕಾಗದವನ್ನು ಜರ್ನಲ್‌ಗೆ ಕಳಿಸಿದಳು. ಉತ್ತರಕ್ಕೆ ಕಾಯುತ್ತಿದ್ದಷ್ಟು ದಿನವೂ ನಮಾಜಿನ ಕೊನೆಯಲ್ಲಿ ಕೈ ಚಾಚಿ, ಏನು ಬೇಡಬೇಕೆಂದು ತಿಳಿಯದೆ, ಖಾಲಿ ಕೈಯನ್ನೇ ಹಿಡಿದು ಕೂತಿರುತ್ತಿದ್ದಳು. ಹೆಸರು ಬದಲಾಗಲಿ ಎಂದರೆ ಅಗಾಯ್ ಅವರದನ್ನು ಕಿತ್ತುಕೊಡು ಎಂದು ಬೇಡಿದಂತೆ. ಬೇಡ ಎಂದರೆ ಮಗಳ ಮುಖ ಕಣ್ಣ ಮುಂದೆ ಬರುತ್ತಿತ್ತು.

ಉತ್ತರ ಮರ್ಯಾದೆಯಾಗಿಯೇ ಬಂತು. ಒಪ್ಪಿದ ಲೇಖನದಲ್ಲಿ ಹೆಸರುಗಳ ಕ್ರಮವನ್ನು ಬದಲಿಸುವುದಿಲ್ಲ ಎಂದಿದ್ದರು. ನಿಮ್ಮ ಕಡೆಯ ದೇಶಗಳಿಂದ ಈಚೆಗೆ ಇಂಥ ಕೋರಿಕೆಗಳು ತುಂಬ ಬರುತ್ತಿವೆ, ಲೇಖಕರ ಜಾಗಗಳ ಮಾರಾಟ ನಡೆಯುತ್ತಿರುವುದು ನಮಗೆ ಗೊತ್ತು, ಆದ್ದರಿಂದ ಸಹಿಯಿದ್ದರೂ ನಂಬಲಾರೆವು, ಒತ್ತಾಯಿಸಿದರೆ ಲೇಖನವನ್ನೇ ಕೈಬಿಡಬೇಕಾಗುತ್ತದೆ ಎಂದೂ ಬರೆದಿದ್ದರು.

ಅವಳು ಅದನ್ನು ಎಲ್ದಿಯಾರ್‌ಗೆ ತೋರಿಸಿದಳು. ಅವನು ಓದಿ ಮುಗಿಸಿದ ಮೇಲೂ ಪರದೆಯನ್ನೇ ನೋಡುತ್ತಾ ಕೂತ.

"ನನ್ನಂಥೋರು ಮಾಡಿದ್ದು," ಎಂದ. "ಅನುಭವಿಸೋದು ನೀವು."

"ನೀನು ಬೇಕಂತ ಮಾಡ್ಲಿಲ್ಲ ಬಿಡು."

"ಸೀಗಡಿಯವನ ಹತ್ರ ಇನ್ನೂ ಜಾಗ ಇದೆ ಎಜೆ. ನಾನೇ ದುಡ್ಡು ಕೊಡ್ತೀನಿ. ನಿಮ್ಮ ಕಾಲು ಹಿಡೀತೀನಿ, ಬೇಡ ಅನ್ಬೇಡಿ."

"ಮಗಳು ಡಾಕ್ಟರಾಗ್ಲಿ ಅಂತ ನನಗೂ ಆಸೆ ಇದೆ ಎಲ್ದಿಯಾರ್," ಎಂದಳು ಜೂರಾಕಾನ್. "ಆದ್ರೆ ನಾಳೆ ಅಗಾಯ್ ಕೇಳಿದ್ರೆ, ದೇವರು ಕೇಳಿದ್ರೆ, ಸೀಗಡಿ ಅಂತ ಹೇಗೆ ಹೇಳ್ಲಿ? ನಗು ಬರತ್ತೆ."

ಇಬ್ಬರಿಗೂ ನಗು ಬರಲಿಲ್ಲ.

ಹೊಸ ಆದೇಶ ಜಾರಿಯಾದಾಗ ಅವಳ ಹುದ್ದೆ ಅರ್ಧವಾಯಿತು. ಎಲ್ದಿಯಾರ್ ಓಡಾಡಿ ಮಾರ್ಕೆಟ್ಟಿನ ಹಿಂದಿನ ಶಾಲೆಯಲ್ಲಿ ಅವಳಿಗೆ ಕೆಲವು ತರಗತಿ ಕೊಡಿಸಿದ. ಎರಡೂ ಸೇರಿದರೂ ಮೊದಲಿನಷ್ಟಾಗಲಿಲ್ಲ. ಮಗಳು ಒಂದು ವರ್ಷ ಓದು ನಿಲ್ಲಿಸುತ್ತೇನೆಂದು ತಾನೇ ಫೋನ್ ಮಾಡಿ ಹೇಳಿದಳು. ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ, ಆಸ್ಪತ್ರೆಯೇ ಅಲ್ಲವೇ ಎಂದಳು.

ಲೇಖನ ಪ್ರಕಟವಾಯಿತು. ಮೇಲೆ ಒಮೂರ್ಜಾಕ್ ಅಗಾಯ್ ಅವರ ಹೆಸರು, ಕೆಳಗೆ ಅವಳದು. ಶಾಲೆಯ ಶಿಕ್ಷಕರ ಕೋಣೆಯಲ್ಲಿ ಕೂತು ಅವಳು ಫೋನಿನಲ್ಲಿ ಅದನ್ನು ನೋಡಿದಳು. ಬಹಳ ದಿನಗಳ ಮೇಲೆ ಎದೆ ಸ್ವಲ್ಪ ಹಗುರಾಯಿತು. ತನಗಂತೂ ದಕ್ಕಲಿಲ್ಲ. ಅವರಿಂದ ಕಿತ್ತುಕೊಂಡದ್ದನ್ನಾದರೂ ಅವರಿಗೆ ವಾಪಸು ಕೊಡಬಹುದಲ್ಲ ಎನ್ನಿಸಿತು.

ಮುಂದಿನ ಶನಿವಾರವೇ ಹೊರಟಳು. ವ್ಯಾನಿನ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. 'ಅಗಾಯ್, ಅವರು ಒಪ್ಪಲಿಲ್ಲ. ನಿಮ್ಮ ಹೆಸರನ್ನ ಯಾರಿಂದಲೂ ಅಲ್ಲಾಡಿಸೋಕೆ ಆಗಲಿಲ್ಲ.' ಹೀಗೆಂದರೆ ಅವರು ನಗುತ್ತಾರೆ ಎಂದುಕೊಂಡಳು.

ಅಗಾಯ್ ಈಗ ಕೂತಿರಲಿಲ್ಲ, ಮಲಗಿದ್ದರು. ಮುಖ ಸಣ್ಣದಾಗಿತ್ತು. ಅವಳ ದನಿ ಕೇಳಿ ಕೈ ಎತ್ತಲು ನೋಡಿದರು. ಅವಳು ಅವರ ಪಕ್ಕ ಮಂಡಿಯೂರಿ ಕೂತು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

"ನಿನ್ನ ಕೆಲಸ ಉಳೀತಾ?"

ಅವಳು ದಾರಿಯುದ್ದಕ್ಕೂ ಜೋಡಿಸಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ಒಂದನ್ನು ಹೇಳಿದರೆ ಇನ್ನೊಂದೂ ತಿಳಿಯುತ್ತದೆ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಹೆಸರು ಮೇಲೆಯೇ ಇದೆ ಎಂದರೆ ಕೆಲಸ ಹೋಯಿತು ಎಂದಂತೆ. ಈ ಹಾಸಿಗೆಯಲ್ಲಿ ಮಲಗಿ, ತನ್ನ ಹೆಸರು ಒಬ್ಬ ಹುಡುಗಿಯ ಓದನ್ನು ತಿಂದಿತು ಎಂದು ಅವರು ಎಣಿಸುತ್ತಾ ಇರಬೇಕಾಗುತ್ತದೆ.

"ಉಳೀತು ಅಗಾಯ್," ಎಂದಳು.

"ಹಾಗಾದ್ರೆ ಬದಲಾಯಿಸಿದ್ರು."

"ಬದಲಾಯಿಸಿದ್ರು."

ಅವರ ಮುಖದ ಮೇಲೆ ಏನೋ ಬಂದು ಹೋಯಿತು. ಅದು ನೋವೋ ನೆಮ್ಮದಿಯೋ ಅವಳಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡರು.

"ಒಳ್ಳೇದಾಯ್ತು," ಎಂದರು. "ಕೊಟ್ಟಿದ್ದು ಪೋಲಾಗಲಿಲ್ಲ. ಪತ್ರಿಕೆ ಬಂದಾಗ ತೋರಿಸ್ತೀಯಾ?"

ಫೋನು ಅವಳ ಕೋಟಿನ ಜೇಬಿನಲ್ಲೇ ಇತ್ತು.

"ಇನ್ನೂ ಬಂದಿಲ್ಲ. ತಡ ಆಗತ್ತಂತೆ."

ಹಿಂತಿರುಗುವಾಗ ಕಂಚೋರೋ ಹಾಡು ಹಾಕಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಅವಳು ನಡೆದದ್ದನ್ನು ಹೇಳಿದ ಮೇಲೆ ಬಹಳ ದೂರ ಬಂದು, "ನಾನೂ ಹಾಗೇ ಹೇಳ್ತಿದ್ದೆ ಎಜೆ," ಎಂದಷ್ಟೇ ಹೇಳಿದ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ.

ಹಿಮ ಕರಗುವ ಹೊತ್ತಿಗೆ ಒಮೂರ್ಜಾಕ್ ಅಗಾಯ್ ಹೋದರು. ವಿಶ್ವವಿದ್ಯಾಲಯದಿಂದ ಒಂದು ಹಾರ, ಒಂದು ಕುರಿ ಕಳಿಸಿದರು. ಎಲ್ದಿಯಾರ್ ಸಮಾಧಿಯ ಹತ್ತಿರ ಮಗುವಿನಂತೆ ಅತ್ತ. ಜೂರಾಕಾನ್ ಶೋಕಕ್ಕೆಂದು ಅಂಗಳದಲ್ಲಿ ಕಟ್ಟಿದ ಡೇರೆಯೊಳಗೆ ಹೆಂಗಸರ ಜೊತೆ ಗೋಡೆಗೆ ಮುಖ ಮಾಡಿ ಕೂತು ಶೋಕದ ಹಾಡಿಗೆ ದನಿಗೂಡಿಸಿದಳು. ಸತ್ತವರ ಗುಣಗಳನ್ನು ಹಾಡುವ ಆ ಸಾಲುಗಳಲ್ಲಿ ಅವಳ ಸರದಿ ಬಂದಾಗ ಗುಡ್ಡ, ಹುಲ್ಲು, ಕುದುರೆ ಎಲ್ಲ ಬಂದವು. ಲೇಖನದ ಮಾತು ಮಾತ್ರ ಬರಲಿಲ್ಲ.

ಸಾವಿನ ನಲವತ್ತನೆಯ ದಿನದ ಊಟಕ್ಕೆ ಅವಳು ಮತ್ತೆ ಹೋದಳು. ಊಟ ಮುಗಿದು ಜನ ಕರಗಿದ ಮೇಲೆ ಸೊನುನ್ ಅಪಾ ಅವಳನ್ನು ಒಲೆಯ ಬಳಿ ಕೂರಿಸಿಕೊಂಡು, ರೊಟ್ಟಿ ಮುರಿದು ಬೆಣ್ಣೆ ಸವರಿ ಕೊಟ್ಟರು. ಮಾತಾಡಲು ಒಬ್ಬರು ಬೇಕಾಗಿತ್ತು ಅವರಿಗೆ.

"ನಿನಗೆ ಗೊತ್ತಾ ಮಗಳೇ, ಕೊನೇ ಕೊನೇಗೆ ಯಾರು ನೋಡೋಕೆ ಬಂದ್ರೂ ಅದೇ ಮಾತು. ಮೊದ್ಲು 'ನನ್ನ ಹೆಸರು ಮೇಲೆ ಬರತ್ತೆ' ಅಂತ ಹೇಳ್ತಿದ್ದ. ಆಮೇಲೆ ಅದನ್ನ ಬಿಟ್ಟ. 'ನಾನು ನನ್ನ ಜಾಗ ಶಿಷ್ಯೆಗೆ ಬಿಟ್ಟುಕೊಟ್ಟೆ, ಅವಳ ಮನೆ ಉಳೀತು, ಅವಳ ಮಗಳು ಡಾಕ್ಟ್ರಾಗ್ತಾಳೆ' ಅಂತ. ಕೇಳಿದೋರಿಗೆಲ್ಲ ಸಾಕುಸಾಕಾಗಿತ್ತು. ನಾನೂ ರೇಗಿಸ್ತಿದ್ದೆ, 'ಯಾವುದೋ ರಾಜ್ಯ ಬಿಟ್ಟುಕೊಟ್ಟೋನ ಹಾಗೆ ಆಡ್ತೀಯಲ್ಲ ಮುದುಕಾ' ಅಂತ. ಆದ್ರೆ ಅದನ್ನೇ ಹಿಡ್ಕೊಂಡು ನೆಮ್ಮದಿಯಾಗಿ ಹೋದ. ಅಷ್ಟು ಸಾಕು ನನಗೆ."

ಜೂರಾಕಾನ್ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಇದ್ದಳು. ಹೇಳಿಬಿಡಬಹುದಾಗಿತ್ತು. ಸತ್ತವರಿಗೆ ಇನ್ನು ನೋವಿಲ್ಲ. ಅವರ ಹೆಸರು ಇವತ್ತೂ ಮೇಲೆಯೇ ಇದೆ, ಗುಡ್ಡಗಳಾಚೆಯ ಯಾರೋ ಅದನ್ನು ಓದುತ್ತಿದ್ದಾರೆ ಎಂದು ಹೇಳಬಹುದಾಗಿತ್ತು. ಆದರೆ ಹಾಗೆ ಹೇಳಿದರೆ ಈ ಮುದುಕಿಯ ಕೈಯಲ್ಲಿ ಉಳಿದಿರುವ ಒಂದೇ ಒಂದನ್ನು, ಗಂಡ ಕೊನೆಗೆ ಕೊಟ್ಟುಹೋದ ದೊಡ್ಡತನವನ್ನು, ಕಸಿದುಕೊಂಡ ಹಾಗಾಗುತ್ತಿತ್ತು. ಒಮ್ಮೆ ಈ ಮನೆಯಿಂದ ಕೇಳಿ ತೆಗೆದುಕೊಂಡು ಹೋಗಿದ್ದಳು. ಮತ್ತೊಮ್ಮೆ ಆಗದು.

"ಮಗಳು ಹೇಗಿದಾಳೆ? ಚೆನ್ನಾಗಿ ಓದ್ತಿದಾಳಾ?"

"ಆಸ್ಪತ್ರೇಲಿದಾಳೆ ಅಪಾ. ಕೆಲಸ ಕಲೀತಿದಾಳೆ."

"ಅಲ್ಲಾ ದೊಡ್ಡವನು," ಎಂದರು ಸೊನುನ್ ಅಪಾ. ಹೊರಗೆ ಕಂಚೋರೋ ಹಾರ್ನ್ ಹೊಡೆದ. ಅವರು ರೊಟ್ಟಿಯ ಬಟ್ಟೆಯನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹೊರಡುವವರಿಗೆ ಕೊಡುವ ಹರಕೆ ಹೇಳಿದರು. "ನಿನ್ನ ಹುದ್ದೆ ಗಟ್ಟಿಯಾಗಿರ್ಲಿ ಮಗಳೇ. ಆ ಕುರ್ಚಿಯಿಂದ ನಿನ್ನನ್ನ ಯಾರೂ ಎಬ್ಬಿಸದೇ ಇರ್ಲಿ. ನಿನ್ನ ಗುರು ಕೊಟ್ಟ ಅನ್ನ ನಿನ್ನ ಮನೇಲಿ ಹೆಚ್ಚಲಿ. ಓಮೀನ್."

ಜೂರಾಕಾನ್ ರೊಟ್ಟಿಯನ್ನು ಕೆಳಗಿಟ್ಟಳು. ಅಂಗೈಗಳನ್ನು ಚಾಚಿದಳು. ಇಂಥ ಹರಕೆಗೆ ಓಮೀನ್, ಹಾಗೇ ಆಗಲಿ, ಎನ್ನುವುದು ಸರಿಯೇ ತಪ್ಪೇ ಎಂದು ಅವಳು ಯಾರನ್ನು ಕೇಳಬೇಕಿತ್ತು?

"ಓಮೀನ್ ಅಪಾ," ಎಂದು ಎರಡೂ ಕೈಗಳನ್ನು ಮುಖದ ಮೇಲೆ ಸವರಿಕೊಂಡಳು. ಅವು ಕಣ್ಣಿನ ಬಳಿ ಬಂದಾಗ ಸ್ವಲ್ಪ ಹೊತ್ತು ಅಲ್ಲಿಯೇ ನಿಂತವು.